ಒಂದು ಕ್ರಿಯಾವಿಶೇಷಣ ಮತ್ತು ದೊಡ್ಡಮ್ಮನ ಅರ್ಜಿ

ಕಳೆದ ಮಳೆಗಾಲದ ಒಂದು ಸಂಜೆ, ಉಡುಪಿ ಬಳಿಯ ಶಂಕರಪುರದಲ್ಲಿರುವ ನನ್ನ ದೊಡ್ಡಮ್ಮನ ಮನೆಯ ಚಾವಡಿಯಲ್ಲಿ ಕುಳಿತು ಒಂದು ಇಂಗ್ಲಿಷ್ ಅರ್ಜಿಯನ್ನು ತಿದ್ದುತ್ತಿದ್ದೆ. ಅದಕ್ಕೆ ಎರಡು ದಿನ ಮೊದಲು ಒಬ್ಬಾತ ತಾನು ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆಂದು ಅವರಿಗೆ ಫೋನ್ ಮಾಡಿ, ಕಾರ್ಡು ನಿಂತುಹೋಗುತ್ತದೆ ಎಂದು ಹೆದರಿಸಿ, ಮೊಬೈಲಿಗೆ ಬಂದ ಆರು ಅಂಕಿಗಳನ್ನು ಅವರ ಬಾಯಿಂದಲೇ ಓದಿಸಿಕೊಂಡು, ಖಾತೆಯಿಂದ 48,000 ರೂಪಾಯಿ ಎತ್ತಿದ್ದ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸುವ ಕೆಲಸವನ್ನು ಬೆಂಗಳೂರಿನಲ್ಲಿರುವ ಅವರ ಮೊಮ್ಮಗ ಆಗಲೇ ಮುಗಿಸಿದ್ದ. ಬ್ಯಾಂಕಿಗೂ ಪೊಲೀಸ್ ಠಾಣೆಗೂ ಕೊಡಬೇಕಾದ ಅರ್ಜಿಯ ಕರಡನ್ನೂ ಅವನೇ ಬರೆದು ಕಳುಹಿಸಿದ್ದ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನಾನು ಒಮ್ಮೆ ನೋಡಿದರೆ ಒಳ್ಳೆಯದೆಂದು ಅದು ನನ್ನ ಕೈಗೆ ಬಂತು. ದಿನಾಂಕ, ವೇಳೆ, ಮೊತ್ತ ಎಲ್ಲವೂ ಸರಿಯಾಗಿದ್ದವು, ಭಾಷೆ ಶುದ್ಧವಾಗಿತ್ತು. ಆದರೆ ಎರಡನೆಯ ಪರಿಚ್ಛೇದದಲ್ಲಿ ಅಜ್ಜಿಯು ಓಟಿಪಿಯನ್ನು 'ನಾಯೀವ್ಲಿ' (naively) ಹೇಳಿದರು ಎಂಬ ವಾಕ್ಯ ಬಂದಾಗ ನನ್ನ ಪೆನ್ನು ಅಲ್ಲೇ ನಿಂತಿತು. ಆ ಒಂದು ಪದವನ್ನು ಉಳಿಸಬೇಕೇ, ಬದಲಿಸಬೇಕೇ, ತೆಗೆದೇಹಾಕಬೇಕೇ ಎಂದು ನಾನು ಯೋಚಿಸಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಹುಡುಗ ಆ ಪದವನ್ನು ಪ್ರೀತಿಯಿಂದಲೇ ಬಳಸಿದ್ದ. ಅಜ್ಜಿಗೆ ಏನೂ ತಿಳಿಯದು, ಕಪಟ ಗೊತ್ತಿಲ್ಲ, ಕೇಳಿದವರನ್ನು ನಂಬಿದರು ಎಂದು ಹೇಳುವುದು ಅವನ ಉದ್ದೇಶ. ನಿಘಂಟು ತೆರೆದರೂ ಹೆಚ್ಚುಕಡಿಮೆ ಇದೇ ಅರ್ಥ ಸಿಗುತ್ತದೆ: ಅನುಭವದ ಕೊರತೆಯಿಂದ, ಲೋಕದ ವಂಚನೆಯ ಅರಿವಿಲ್ಲದೆ, ಮುಗ್ಧ ನಂಬಿಕೆಯಿಂದ. ಆದರೆ ನಿಘಂಟಿನಲ್ಲಿ ಪದವೊಂದು ಒಂಟಿಯಾಗಿ ನಿಂತಿರುತ್ತದೆ. ಅದು ವಾಕ್ಯದೊಳಗೆ ಬಂದು ಯಾರ ಪಕ್ಕದಲ್ಲಿ ಕೂರುತ್ತದೆ ಎಂಬುದನ್ನು ನೋಡದೆ ಅದರ ಪೂರ್ತಿ ಅರ್ಥ ತಿಳಿಯುವುದಿಲ್ಲ.

ಮೊದಲು ಉಚ್ಚಾರಣೆಯ ಮಾತು, ಏಕೆಂದರೆ ನಮ್ಮ ತರಗತಿಗಳಲ್ಲಿ ಈ ಪದ ಎಡವುವುದೇ ಅಲ್ಲಿ. 'ನೈವ್' ಎಂದು ಒಂದೇ ಉಸಿರಿನಲ್ಲಿ ಓದುವವರಿದ್ದಾರೆ, 'ನೇವ್' ಎನ್ನುವವರೂ ಇದ್ದಾರೆ. ಎರಡನೆಯದು ದೊಡ್ಡ ಅಪಾಯ, ಏಕೆಂದರೆ ಇಂಗ್ಲಿಷಿನಲ್ಲಿ 'ನೇವ್' (knave) ಎಂದರೆ ಠಕ್ಕ, ವಂಚಕ. ಮೋಸಹೋದವರನ್ನು ಬಾಯಿತಪ್ಪಿ ಮೋಸಮಾಡಿದವರನ್ನಾಗಿ ಮಾಡಿದಂತಾಗುತ್ತದೆ. ಸರಿಯಾದ ಉಚ್ಚಾರಣೆ 'ನಾ' ಮತ್ತು 'ಈವ್' ಎಂಬ ಎರಡು ಭಾಗಗಳದ್ದು. ಹಳೆಯ ಮುದ್ರಣಗಳಲ್ಲಿ ಐ ಅಕ್ಷರದ ಮೇಲೆ ಒಂದರ ಬದಲು ಎರಡು ಚುಕ್ಕಿಗಳಿರುತ್ತವೆ. ಹಿಂದಿನ ಸ್ವರದೊಂದಿಗೆ ಇದನ್ನು ಬೆಸೆಯದೆ ಬೇರೆಯಾಗಿ ಹೇಳು ಎಂಬುದು ಆ ಚುಕ್ಕಿಗಳ ಸೂಚನೆ. 17ನೆಯ ಶತಮಾನದ ನಡುವಿನಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದವಿದು. ಫ್ರೆಂಚಿನಲ್ಲಿ ಪುಲ್ಲಿಂಗಕ್ಕೆ ಒಂದು ರೂಪ, ಸ್ತ್ರೀಲಿಂಗಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ನೆಲೆಯೂರಿದ್ದು ಹೆಚ್ಚಾಗಿ ಸ್ತ್ರೀಲಿಂಗದ ರೂಪ.

ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನ 'ನಾತೀವುಸ್' ಸಿಗುತ್ತದೆ. ಹುಟ್ಟಿನಿಂದ ಬಂದದ್ದು ಎಂದು ಅದರ ಅರ್ಥ. ನೇಟಿವ್, ನೇಚರ್, ನೇಷನ್ ಎಂಬ ಪದಗಳೆಲ್ಲ ಅದೇ ಬೇರಿನ ಚಿಗುರುಗಳು. ಆ ಲ್ಯಾಟಿನ್ ಧಾತುವೂ ಸಂಸ್ಕೃತದ 'ಜನ್' ಧಾತುವೂ ಮೂಲದಲ್ಲಿ ಒಂದೇ ಎಂಬುದು ಭಾಷಾಶಾಸ್ತ್ರಜ್ಞರೆಲ್ಲ ಒಪ್ಪಿದ ಸಂಗತಿ. ನಮ್ಮ 'ಸಹಜ' ಎಂಬ ಪದದ ಕೊನೆಯಲ್ಲಿರುವ 'ಜ' ಇದೆಯಲ್ಲ, ಜೊತೆಯಲ್ಲೇ ಹುಟ್ಟಿದ್ದು ಎಂದು ಹೇಳುವ ಆ 'ಜ', ಅದು ಕೂಡ ಈ ಧಾತುವಿನದ್ದೇ. ಎಂದರೆ ಬೇರನ್ನು ಹಿಡಿದು ಅನುವಾದಿಸುವುದಾದರೆ 'ನಾಯೀವ್ಲಿ' ಎಂಬುದಕ್ಕೆ ಕನ್ನಡದಲ್ಲಿ 'ಸಹಜವಾಗಿ' ಎನ್ನಬೇಕು. ಇದನ್ನು ನಾನು ಬಹಳ ವರ್ಷಗಳ ಹಿಂದೆಯೇ ಓದಿ ತಿಳಿದಿದ್ದೆ. ಆದರೆ ಅದರ ತೂಕ ತಿಳಿದದ್ದು ಆ ಸಂಜೆ, ದೊಡ್ಡಮ್ಮ ಎದುರಿಗೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಾಗ. ಮನುಷ್ಯ ಮನುಷ್ಯನ ಮಾತನ್ನು ನಂಬುವುದು ಹುಟ್ಟಿನೊಂದಿಗೆ ಬಂದ ಗುಣ. ಸಂಶಯಪಡುವುದನ್ನು ನಾವು ಆಮೇಲೆ ಕಲಿಯುತ್ತೇವೆ.

ಆದರೆ ಪದಗಳು ಬೇರಿನ ಅರ್ಥದಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ 'ಸಿಲ್ಲಿ' ಎಂಬ ಪದ ಒಂದು ಕಾಲಕ್ಕೆ ಧನ್ಯ, ಪುಣ್ಯವಂತ ಎಂಬ ಅರ್ಥದಲ್ಲಿತ್ತು. ಅಲ್ಲಿಂದ ನಿಷ್ಪಾಪಿ, ಆಮೇಲೆ ಕನಿಕರಕ್ಕೆ ಪಾತ್ರ, ಕೊನೆಗೆ ಪೆದ್ದ ಎಂಬಲ್ಲಿಗೆ ಬಂದು ನಿಂತಿತು. 'ನಾಯೀವ್' ಕೂಡ ಆ ದಾರಿಯಲ್ಲಿ ಅರ್ಧದಷ್ಟಾದರೂ ನಡೆದಿದೆ. ಕೃತಕವಲ್ಲದ್ದು ಎಂಬ ಹೊಗಳಿಕೆಯ ಅರ್ಥ ಅದಕ್ಕೆ ಇಂದಿಗೂ ಉಂಟು. ಶಾಸ್ತ್ರೀಯ ಶಿಕ್ಷಣವಿಲ್ಲದೆ ಚಿತ್ರ ಬರೆದ ಹೆನ್ರಿ ರೂಸೋ ಅವರಂಥವರ ಕಲೆಯನ್ನು ಇದೇ ವಿಶೇಷಣದಿಂದ ಕರೆಯುತ್ತಾರೆ. ವೈದ್ಯರ ಬಳಕೆಯಲ್ಲಿಯೂ ಪದಕ್ಕೆ ಅವಮಾನದ ಸೋಂಕಿಲ್ಲ: ಒಂದು ಔಷಧವನ್ನು ಹಿಂದೆಂದೂ ಸೇವಿಸದ ರೋಗಿಯನ್ನು, ತನಗೆ ಗುರುತಾಗಬೇಕಾದ ರೋಗಾಣುವಿನ ಅಂಶವನ್ನು ಇನ್ನೂ ಎದುರುಗೊಳ್ಳದ ಟಿ ಜೀವಕೋಶವನ್ನು ಅವರು 'ನಾಯೀವ್' ಎನ್ನುತ್ತಾರೆ. ಇನ್ನೂ ಕಂಡಿಲ್ಲ ಎಂದಷ್ಟೇ ಅಲ್ಲಿನ ಅರ್ಥ. ದಿನಬಳಕೆಯ ಮಾತಿನಲ್ಲಿ ಮಾತ್ರ, ಅದರಲ್ಲೂ 'ಲಿ' ಪ್ರತ್ಯಯ ಸೇರಿ ಕ್ರಿಯಾವಿಶೇಷಣವಾದಾಗ, ಕಾಣಬೇಕಿತ್ತು, ಕಾಣಲಿಲ್ಲ ಎಂಬ ಆಕ್ಷೇಪದ ಧ್ವನಿ ಸೇರಿಕೊಳ್ಳುತ್ತದೆ.

ಆ ಧ್ವನಿ ಎಲ್ಲಿಂದ ಬರುತ್ತದೆ ಎಂಬುದು ವ್ಯಾಕರಣದ ಪ್ರಶ್ನೆ. ಕ್ರಿಯಾವಿಶೇಷಣವು ಕ್ರಿಯೆಯನ್ನು ವಿಶೇಷಿಸುತ್ತದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮೆಲ್ಲನೆ ನಡೆದ ಎಂದರೆ ನಡಿಗೆಯ ರೀತಿ ತಿಳಿಯುತ್ತದೆ. ಆದರೆ ಇಂಗ್ಲಿಷಿನ ಕೆಲವು ಕ್ರಿಯಾವಿಶೇಷಣಗಳು ಕ್ರಿಯಾಪದಕ್ಕಿಂತ ಮೊದಲು ಬಂದು ಕುಳಿತಾಗ ರೀತಿಯನ್ನು ಹೇಳುವುದನ್ನು ಬಿಟ್ಟು ತೀರ್ಪು ಕೊಡಲು ತೊಡಗುತ್ತವೆ. 'ಫೂಲಿಶ್ಲಿ' ಎಂಬುದು ಉತ್ತರಿಸಿದ ಎಂಬ ಕ್ರಿಯಾಪದದ ನಂತರ ಬಂದರೆ ಉತ್ತರವೇ ಮೂರ್ಖತನದ್ದು ಎಂದಾಗುತ್ತದೆ. ಅದೇ ಪದ ಕ್ರಿಯಾಪದಕ್ಕಿಂತ ಮೊದಲು ಬಂದರೆ ಉತ್ತರ ಎಷ್ಟೇ ಜಾಣತನದ್ದಾದರೂ ಉತ್ತರಿಸಲು ಹೋದದ್ದು ಮೂರ್ಖತನ ಎಂದಾಗುತ್ತದೆ. 'ನಾಯೀವ್ಲಿ' ಈ ಎರಡನೆಯ ಸ್ಥಾನವನ್ನು ಬಹಳ ಇಷ್ಟಪಡುವ ಪದ. ಅಲ್ಲಿ ಕುಳಿತಾಗ ಅದು ನಂಬಿದವರ ಮನಸ್ಸಿನ ವರ್ಣನೆಯಾಗಿ ಉಳಿಯುವುದಿಲ್ಲ, ಹೇಳುತ್ತಿರುವವರ ಅಭಿಪ್ರಾಯವಾಗುತ್ತದೆ.

ಇನ್ನೊಂದು ಸಂಗತಿಯನ್ನು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದೆ. ಈ ಪದವನ್ನು ಉತ್ತಮ ಪುರುಷದ ವರ್ತಮಾನಕಾಲದಲ್ಲಿ ಬಳಸಿ ನೋಡಿ: 'ನಾನು ಈಗ ನಿಮ್ಮನ್ನು ನಾಯೀವ್ಲಿ ನಂಬುತ್ತಿದ್ದೇನೆ.' ವಾಕ್ಯ ನಿಲ್ಲುವುದಿಲ್ಲ. ಹಾಗೆ ಹೇಳಬಲ್ಲವನಿಗೆ ವಂಚನೆಯ ಸಾಧ್ಯತೆ ಆಗಲೇ ಹೊಳೆದಿರುತ್ತದೆ, ಹೊಳೆದ ಕ್ಷಣಕ್ಕೆ ಮುಗ್ಧತೆ ಮುಗಿದಿರುತ್ತದೆ. ಭೂತಕಾಲಕ್ಕೆ ಬಂದರೆ ಅದೇ ಪದ ಸಲೀಸಾಗಿ ಕೂರುತ್ತದೆ: ಅಂದು ನಾನು ನಾಯೀವ್ಲಿ ನಂಬಿದ್ದೆ. ಇಂದಿನ ನಾನು ಅಂದಿನ ನನ್ನನ್ನು ದೂರದಿಂದ ನೋಡಿ ಆಡುವ ಮಾತದು. ಅಂತೆಯೇ ಬೇರೆಯವರ ಬಗ್ಗೆ ಹೇಳುವಾಗ, ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಎತ್ತರದಿಂದ ಆ ಮಾತು ಬರುತ್ತದೆ. ನಂಬುತ್ತಿರುವವರ ಬಳಿ ಆ ಕ್ಷಣದಲ್ಲಿ ಈ ಪದ ಇರುವುದೇ ಇಲ್ಲ. ದೊಡ್ಡಮ್ಮ ಫೋನನ್ನು ಕಿವಿಗೆ ಹಿಡಿದು, ಕನ್ನಡಕ ಏರಿಸಿ, ಅಂಕಿಗಳನ್ನು ಒಂದೊಂದಾಗಿ ಓದುತ್ತಿದ್ದಾಗ ಅವರು ಮಾಡುತ್ತಿದ್ದದ್ದು ಬ್ಯಾಂಕಿನವರು ಕೇಳಿದ ವಿವರವನ್ನು ಕೊಡುವ ಕೆಲಸ, ಅಷ್ಟೇ.

'ನಾಯೀವ್ಲಿ'ಯ ನೆರೆಹೊರೆಯ ಪದಗಳನ್ನೂ ಆ ಸಂಜೆ ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟು ನೋಡಿದೆ. 'ಕ್ರೆಡ್ಯುಲಸ್ಲಿ' ಎಂದರೆ ಏನು ಹೇಳಿದರೂ ನಂಬುವ ಅತಿನಂಬಿಕೆ. ಅದು ಇನ್ನೂ ಕಠಿಣ. 'ಇನೊಸೆಂಟ್ಲಿ' ಎಂಬುದರ ಲ್ಯಾಟಿನ್ ಮೂಲದಲ್ಲಿ ಕೇಡು ಮಾಡದವನು ಎಂಬ ಅರ್ಥವಿದೆ. ಅದು ನ್ಯಾಯಾಲಯದ ನಿರ್ದೋಷಿಗೂ ತೊಟ್ಟಿಲ ಮಗುವಿಗೂ ಒಂದೇ ಆಗಿ ಸಲ್ಲುವುದರಿಂದ ಅರ್ಜಿಯಲ್ಲಿ ಬಳಸಿದರೆ ದೊಡ್ಡಮ್ಮನೇ ಆರೋಪಿಯೇನೋ ಎಂಬ ಅನುಮಾನ ಹುಟ್ಟಿಸಬಹುದು. 'ಟ್ರಸ್ಟಿಂಗ್ಲಿ' ಎಂಬುದು ನನಗೆ ಬಹಳ ಹಿಡಿಸಿದ ಪದ. ಮಗುವೊಂದು ರಸ್ತೆ ದಾಟುವಾಗ ತಲೆ ಎತ್ತಿಯೂ ನೋಡದೆ ನಮ್ಮ ಬೆರಳು ಹಿಡಿಯುತ್ತದಲ್ಲ, ಆ ಹಿಡಿತಕ್ಕೆ ಒಪ್ಪುವ ಪದವಿದು. ನಂಬಿಕೆಯನ್ನು ನಂಬಿಕೆಯೆಂದೇ ಕರೆಯುತ್ತದೆ, ಅದರ ಪರಿಣಾಮವನ್ನು ಮುಂದಿಟ್ಟುಕೊಂಡು ಹಿಂದಿನದ್ದನ್ನು ಅಳೆಯುವುದಿಲ್ಲ. 'ನಾಯೀವ್ಲಿ'ಯನ್ನು ಹೊಡೆದು ಅದರ ಮೇಲೆ 'ಟ್ರಸ್ಟಿಂಗ್ಲಿ' ಎಂದು ಬರೆದೆ. ಬರೆದ ಮೇಲೂ ಏನೋ ಸರಿಯೆನಿಸಲಿಲ್ಲ.

ಆಗ ಅರ್ಜಿಯನ್ನು ಪಕ್ಕಕ್ಕಿಟ್ಟು, ಇದೇ ಸಂಗತಿಯನ್ನು ನಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೇವೆ ಎಂದು ಯೋಚಿಸಿದೆ. ಮೊದಲು ನೆನಪಾಗುವುದು 'ಮುಗ್ಧ'. ಸಂಸ್ಕೃತದ 'ಮುಹ್' ಧಾತುವಿನಿಂದ 'ಮುಗ್ಧ'ವೂ ಆಗಬಹುದು, 'ಮೂಢ'ವೂ ಆಗಬಹುದು ಎಂದು ಪಾಣಿನಿಯ ವ್ಯಾಕರಣವೇ ವಿಕಲ್ಪ ಕೊಟ್ಟಿದೆ. 'ಮೋಹ' ಕೂಡ ಅದೇ ಮನೆಯದು. ದಿಕ್ಕು ತೋಚದಿರುವುದು, ಬೆರಗಾಗುವುದು ಆ ಧಾತುವಿನ ಅರ್ಥ. ಒಂದೇ ತಾಯಿಯ ಎರಡು ಮಕ್ಕಳಲ್ಲಿ ಒಂದು ಮಗು ಚೆಲುವಿನ ಕಡೆಗೆ, ಸರಳತೆಯ ಕಡೆಗೆ ಹೋಯಿತು. ಅಲಂಕಾರಶಾಸ್ತ್ರದಲ್ಲಿ ಪ್ರೌಢೆಗೆ ಎದುರಾಗಿ ನಿಲ್ಲುವ ನಾಯಿಕೆ 'ಮುಗ್ಧೆ', ಕನ್ನಡದ ಬಾಯಿಯಲ್ಲಿ 'ಮುಗುದೆ'. ಇನ್ನೊಂದು ಮಗು ದಡ್ಡತನದ ಕಡೆಗೆ ಹೋಗಿ 'ಮೂಢನಂಬಿಕೆ' ಎಂಬ ಸಮಾಸದಲ್ಲಿ ಸಿಕ್ಕಿಕೊಂಡಿತು. ಇಂಗ್ಲಿಷಿನವರು ಒಂದೇ ಪದದೊಳಗೆ ತುಂಬಿದ ಎರಡು ಧ್ವನಿಗಳನ್ನು ನಮ್ಮ ಭಾಷೆ ಎರಡು ಪದಗಳಿಗೆ ಹಂಚಿದೆ. ಆದ್ದರಿಂದ 'ನಾಯೀವ್ಲಿ'ಯನ್ನು ಕನ್ನಡಕ್ಕೆ ತರುವವರು ಪ್ರತಿ ಸಲವೂ ಇಲ್ಲಿ ಮುಗ್ಧವೋ ಮೂಢವೋ ಎಂದು ನಿರ್ಧರಿಸಲೇಬೇಕಾಗುತ್ತದೆ.

'ಅಮಾಯಕ' ಇನ್ನೊಂದು ಒಳ್ಳೆಯ ಪದ. ಮಾಯೆ ಇಲ್ಲದವನು, ಕಪಟ ಇಲ್ಲದವನು. ಇದು ತನ್ನಲ್ಲಿ ಇಲ್ಲದ ಕಪಟದ ಮಾತು, ಬೇರೆಯವರ ಕಪಟವನ್ನು ಗುರುತಿಸಲಾಗದ್ದರ ಮಾತಲ್ಲ. ಎರಡನೆಯದು ಮೊದಲನೆಯದರ ಫಲ ಎಂದು ನಾವು ಊಹಿಸಿಕೊಳ್ಳುತ್ತೇವೆ.

ನಮ್ಮ ಕರಾವಳಿಯಲ್ಲಿ ಇವೆರಡಕ್ಕಿಂತಲೂ ಹೆಚ್ಚು ಬಳಕೆಯಲ್ಲಿರುವ ಪದ 'ಪಾಪ'. ಘಟ್ಟದ ಮೇಲಿನವರು 'ಅಯ್ಯೋ ಪಾಪ' ಎಂದು ಕನಿಕರಿಸಲು ಬಳಸುವ ಪದವನ್ನು ನಾವು ಸ್ವಭಾವದ ವಿಶೇಷಣವಾಗಿ ಬಳಸುತ್ತೇವೆ. 'ಅವರು ತುಂಬ ಪಾಪ', 'ಪಾಪದ ಜನ' ಎಂದರೆ ಮಂಗಳೂರು, ಉಡುಪಿಗಳಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ: ಸಾಧು, ಸರಳ, ಯಾರಿಗೂ ಕೇಡು ಬಗೆಯದವರು, ಎದುರು ಮಾತನಾಡದವರು ಎಂದು ಅರ್ಥ. ತುಳುವಿನ 'ಪಾಪದಾಯೆ' ಎಂಬ ಪ್ರಯೋಗ ಇದರ ಬೆನ್ನಿಗಿದೆ. ದುಷ್ಕೃತ್ಯವನ್ನು ಹೇಳುತ್ತಿದ್ದ ಪದ ಅದರ ತೀರಾ ಎದುರಿನ ಅರ್ಥಕ್ಕೆ ಬಂದು ತಲುಪಿದ್ದು ಕನಿಕರದ ದಾರಿಯಾಗಿಯೇ ಇರಬೇಕು ಎಂದು ನಾನು ತಿಳಿದಿದ್ದೇನೆ. 'ಸಿಲ್ಲಿ' ಇಳಿದ ಮೆಟ್ಟಿಲನ್ನು 'ಪಾಪ' ಹತ್ತಿದೆ. ನಮ್ಮವರು ಒಬ್ಬರನ್ನು 'ಪಾಪ' ಎಂದಾಗ ಅವರ ಬುದ್ಧಿಯನ್ನು ಅಳೆಯುತ್ತಿರುವುದಿಲ್ಲ, ಅವರಿಗೆ ಯಾರೂ ನೋವು ಕೊಡಬಾರದು ಎಂಬ ಕಾಳಜಿಯನ್ನು ಹೇಳುತ್ತಿರುತ್ತಾರೆ. ಈ ಪದವನ್ನು ಇಂಗ್ಲಿಷಿಗೆ ಒಯ್ಯುವ ದಾರಿ ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕಿಲ್ಲ.

ವಿಶೇಷಣಗಳ ಮಾತು ಇದಾಯಿತು. ಕ್ರಿಯಾವಿಶೇಷಣ ಮಾಡುವಾಗ ಕನ್ನಡ ಬೇರೆಯೇ ದಾರಿ ಹಿಡಿಯುತ್ತದೆ. ಇಂಗ್ಲಿಷಿನ 'ಲಿ' ಪ್ರತ್ಯಯದ ಹಿಂದೆ ಹಳೆಯ ಇಂಗ್ಲಿಷಿನ ದೇಹ, ಆಕಾರ ಎಂಬ ಅರ್ಥದ ಪದವಿದೆ. 'ಲೈಕ್' ಎಂಬುದೂ ಅದರ ನಂಟು. ನಮ್ಮ 'ಆಗಿ'ಯ ಹಿಂದೆ ಇರುವುದು 'ಆಗು' ಎಂಬ ಧಾತು. ಅವರದು ಹಾಗಿರುವುದನ್ನು ಹೇಳುತ್ತದೆ, ನಮ್ಮದು ಹಾಗಾಗುವುದನ್ನು ಹೇಳುತ್ತದೆ. ಹೀಗಾಗಿ 'ಮುಗ್ಧಳಾಗಿ ನಂಬಿದಳು' ಎಂಬುದು ನನ್ನ ಕಿವಿಗೆ ಎಂದೂ ಹಿತವಾಗಿಲ್ಲ. ನಂಬುವ ಮುನ್ನ ಆಕೆ ಮುಗ್ಧತೆಯನ್ನು ಧರಿಸಿಕೊಂಡಂತೆ ಕೇಳಿಸುತ್ತದೆ. 'ಮುಗ್ಧತೆಯಿಂದ' ಎನ್ನುವುದು ಮೇಲು. ಆದರೂ ಅದು ಪುಸ್ತಕದ ಮಾತು. ಬಾಯಿಮಾತಿನಲ್ಲಿ ಕನ್ನಡಿಗರು ಇಂಥ ಕಡೆ ಕ್ರಿಯಾವಿಶೇಷಣವನ್ನೇ ಬಳಸುವುದಿಲ್ಲ. ಆ ಕೆಲಸವನ್ನು ಕ್ರಿಯಾಪದದ ಬಾಲಕ್ಕೆ ವಹಿಸುತ್ತಾರೆ.

'ನಂಬಿಬಿಟ್ಟೆ' ಎನ್ನುತ್ತೇವೆ. 'ಬಿಡು' ಎಂಬ ಆ ಎರಡಕ್ಷರದ ಸಹಾಯಕ ಕ್ರಿಯಾಪದದಲ್ಲಿ ಕೆಲಸ ಪೂರ್ತಿಯಾಯಿತು, ಹಿಂದಕ್ಕೆ ಪಡೆಯುವಂತಿಲ್ಲ, ಯೋಚಿಸಬಹುದಿತ್ತು, ಯೋಚಿಸಲಿಲ್ಲ ಎಂಬ ಮೂರು ಭಾವಗಳೂ ಅಡಗಿವೆ. ಇಂಗ್ಲಿಷಿನ ಭೂತಕಾಲದ 'ನಾಯೀವ್ಲಿ'ಗೆ ಇದಕ್ಕಿಂತ ಸರಿಹೊಂದುವ ಅನುವಾದ ನನಗೆ ಗೊತ್ತಿಲ್ಲ. ವಿದ್ಯಾರ್ಥಿಗಳು ಒಂದು ಪದಕ್ಕೆ ಒಂದು ಪದವನ್ನೇ ಹುಡುಕಿ ಸೋಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವರಲ್ಲಿದ್ದ ವ್ಯಾಕರಣದಲ್ಲೇ ಉತ್ತರವಿತ್ತು.

ದೊಡ್ಡಮ್ಮ ಬಳಸಿದ ರೂಪ ಇನ್ನೊಂದು. ಏನಾಯಿತೆಂದು ನಾನು ಕೇಳಿದಾಗ ಅವರು ಹೇಳಿದ್ದು ಹೀಗೆ: "ಅವನು ಬ್ಯಾಂಕಿನವನು ಅಂತಲ್ವಾ ಹೇಳಿದ್ದು ಮಗಾ. ನಂಬರು ಕೇಳಿದ, ಹೇಳಿ ಹೋಯಿತು." ಹೇಳಿದೆ ಎನ್ನಲಿಲ್ಲ, ಹೇಳಿಬಿಟ್ಟೆ ಎನ್ನಲಿಲ್ಲ. 'ಹೇಳಿ ಹೋಯಿತು' ಎಂಬ ವಾಕ್ಯದಲ್ಲಿ 'ನಾನು' ಎಂಬ ಕರ್ತೃ ಹಿಂದಕ್ಕೆ ಸರಿದಿದೆ. ತುಳುವಿನಲ್ಲಿಯೂ ಹೀಗೆಯೇ 'ಪಂಡ್‌ದ್ ಪೋಂಡು' ಎನ್ನುತ್ತೇವೆ. ಕೈಯಿಂದ ಪಾತ್ರೆ ಜಾರಿದಂತೆ, ಮಾತು ಜಾರಿತು. ತಪ್ಪಿಸಿಕೊಳ್ಳಲು ಹೂಡುವ ಉಪಾಯ ಇದಲ್ಲ. ಹಾಗೆ ಹೇಳುವಾಗ ದೊಡ್ಡಮ್ಮನ ಕಣ್ಣು ತುಂಬಿತ್ತು. ಉದ್ದೇಶವಿಲ್ಲದೆ ನಡೆದ ಕ್ರಿಯೆಗೆ ಭಾಷೆ ಕೊಟ್ಟಿರುವ ಪ್ರಾಮಾಣಿಕವಾದ ರೂಪವದು.

ಇದೇ ಕ್ರಿಯಾಪದದ ಮೂರನೆಯ ರೂಪವೊಂದು ನನಗೆ ದಾರಿ ತೋರಿಸಿತು. 'ನಂಬು' ಧಾತುವಿಗೆ 'ಇಸು' ಪ್ರತ್ಯಯ ಹತ್ತಿದರೆ 'ನಂಬಿಸು' ಆಗುತ್ತದೆ. ದೊಡ್ಡಮ್ಮ ನಂಬಿದರು ಎಂದರೆ ವಾಕ್ಯದ ಕರ್ತೃ ದೊಡ್ಡಮ್ಮ. ಅವನು ನಂಬಿಸಿದ ಎಂದ ಕೂಡಲೇ ಕರ್ತೃ ಅವನಾಗುತ್ತಾನೆ. 'ನಂಬಿಸಿ ಕತ್ತು ಕೊಯ್ದ' ಎಂಬ ನುಡಿಗಟ್ಟಿನಲ್ಲಿ ನಂಬಿದವರ ಬಗ್ಗೆ ಒಂದು ಮಾತೂ ಇಲ್ಲ, ಕುತ್ತಿಗೆಯೊಂದನ್ನು ಬಿಟ್ಟರೆ. 'ನಂಬಿಕೆದ್ರೋಹ' ಎಂಬ ಸಮಾಸದಲ್ಲಿಯೂ ಅಷ್ಟೇ, ದೋಷ ನಂಬಿಕೆಗೆ ಎರಡು ಬಗೆದವನದ್ದು. ದೈವಗಳ ಮಾತು ಬಂದಾಗ ನಮ್ಮಲ್ಲಿ 'ನಂಬಿದವರಿಗೆ ಇಂಬು' ಎನ್ನುತ್ತಾರೆ. ನಂಬಿದವರಿಗೆ ಆಸರೆ ಕೊಡುವುದು ನಂಬಿಸಿಕೊಂಡವರ ಹೊಣೆ ಎಂಬ ತಿಳಿವಳಿಕೆ ಈ ನೆಲದ ಮಾತಿನಲ್ಲೇ ಇದೆ. ಹುಡುಗನ ಇಂಗ್ಲಿಷ್ ವಾಕ್ಯದಲ್ಲಿ ನನಗೆ ಸರಿಬಾರದೆ ಇದ್ದದ್ದು ಕ್ರಿಯಾವಿಶೇಷಣ ಮಾತ್ರವಲ್ಲ, ಅದರ ಕರ್ತೃ ಎಂಬುದು ಆಗ ಹೊಳೆಯಿತು. ಅಜ್ಜಿ ಹೇಳಿದರು ಎಂದು ಆರಂಭಿಸಿದ ಮೇಲೆ 'ನಾಯೀವ್ಲಿ' ಇಟ್ಟರೂ 'ಟ್ರಸ್ಟಿಂಗ್ಲಿ' ಇಟ್ಟರೂ ಓದುವವರ ಕಣ್ಣು ಅಜ್ಜಿಯ ಮೇಲೆಯೇ ಇರುತ್ತದೆ.

ಇದು ಬರಿಯ ಶೈಲಿಯ ಪ್ರಶ್ನೆಯಾಗಿರಲಿಲ್ಲ. ಗ್ರಾಹಕರ ಹೊಣೆಗಾರಿಕೆಯ ಬಗ್ಗೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ತಪ್ಪು ಬ್ಯಾಂಕಿನದ್ದೂ ಅಲ್ಲದೆ ಗ್ರಾಹಕರದ್ದೂ ಅಲ್ಲದೆ ಹಣ ಹೋದಾಗ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಯಾವ ಹೊರೆಯೂ ಇಲ್ಲ ಎಂದಿದೆ. ಆದರೆ ಪಾವತಿಯ ಗುಟ್ಟಿನ ವಿವರವನ್ನು ತಾವೇ ಹಂಚಿಕೊಂಡಂಥ ನಿರ್ಲಕ್ಷ್ಯದಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟವೆಲ್ಲ ಗ್ರಾಹಕರದ್ದೇ ಎಂದೂ ಇದೆ. ಮುಗ್ಧತೆಯಿಂದ ಹೇಳುವುದಕ್ಕೂ ನಿರ್ಲಕ್ಷ್ಯದಿಂದ ಹೇಳುವುದಕ್ಕೂ ಬಹಳ ದೂರವಿದೆ. ಆದರೆ ಬೇಗ ಬೇಗ ಓದುವ ಒಬ್ಬ ಅಧಿಕಾರಿಗೆ 'ನಾಯೀವ್ಲಿ' ಎಂಬ ಪದ ಆ ದೂರವನ್ನು ಅಳಿಸಿಬಿಡಬಲ್ಲದು. ಮೊಮ್ಮಗ ಅಕ್ಕರೆಯಿಂದ ಇಟ್ಟ ಪದ ಅಜ್ಜಿಯ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಹಂಚಿಕೊಂಡದ್ದು ನಿಜ, ಅದನ್ನು ಅರ್ಜಿಯಲ್ಲಿ ಮರೆಮಾಚುವ ಪ್ರಶ್ನೆಯೇ ಇರಲಿಲ್ಲ. ಯಾರು, ಏನು ಹೇಳಿ, ಹೇಗೆ ಹಂಚಿಕೊಳ್ಳುವಂತೆ ಮಾಡಿದರು ಎಂಬುದು ಕೂಡ ಅಷ್ಟೇ ನಿಜ. ಕರಡಿನಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ಕಾನೂನಿನ ಭಾಷೆಯನ್ನು ನೋಡಿದಾಗ ನನಗೆ ಧೈರ್ಯ ಬಂತು. ವಂಚನೆ ಎಂದರೇನು ಎಂದು 1860ರ ದಂಡಸಂಹಿತೆಯ 415ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಅದನ್ನೇ ಮುಂದುವರಿಸಿದೆ. ಒಬ್ಬ ವ್ಯಕ್ತಿಗೆ ಮೋಸ ಮಾಡಿ, ಕಪಟದಿಂದ ಅಥವಾ ಅಪ್ರಾಮಾಣಿಕವಾಗಿ, ಆತ ಸ್ವತ್ತನ್ನು ಕೊಡುವಂತೆ ಪ್ರೇರೇಪಿಸುವವನು ವಂಚಕ ಎಂಬುದು ಅದರ ತಿರುಳು. ಆ ವಾಕ್ಯದಲ್ಲಿರುವ ಎರಡು ಕ್ರಿಯಾವಿಶೇಷಣಗಳೂ ಮೋಸಮಾಡಿದವನ ಕ್ರಿಯೆಗೇ ಅಂಟಿಕೊಂಡಿವೆ. ಮೋಸಹೋದವನು ಹೇಗೆ ನಂಬಿದ, ಜಾಣನಾಗಿ ನಂಬಿದನೋ ಪೆದ್ದನಾಗಿ ನಂಬಿದನೋ ಎಂಬುದಕ್ಕೆ ಅಲ್ಲಿ ಕ್ರಿಯಾವಿಶೇಷಣವಿಲ್ಲ. ನೂರ ಅರುವತ್ತು ವರ್ಷಗಳ ಹಿಂದೆ ಕರಡು ಬರೆದವರು ವಿಶೇಷಣಗಳನ್ನು ಎಲ್ಲಿಡಬೇಕೋ ಅಲ್ಲಿಯೇ ಇಟ್ಟಿದ್ದರು.

ದೊಡ್ಡಮ್ಮ 'ಬ್ಯಾಂಕಿನವನು' ಎಂಬ ಒಂದು ಪದಕ್ಕೆ ಅಷ್ಟು ಬೇಗ ಒಲಿದದ್ದೇಕೆ ಎಂಬುದನ್ನೂ ಹೇಳಬೇಕು, ಏಕೆಂದರೆ ಅದನ್ನು ಅನುಭವದ ಕೊರತೆ ಎಂದರೆ ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಗಳು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನಾದರೂ ಉಳಿಸಬಲ್ಲವರ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬ್ಯಾಂಕಿನ ಪರವಾಗಿ ಒಬ್ಬರು ಬಂದು ಹಣ ಪಡೆದುಹೋಗುವ ಕ್ರಮವದು. ದೊಡ್ಡಮ್ಮನ ಮನೆಗೂ ಹಲವು ವರ್ಷ ಒಬ್ಬರು ಪಿಗ್ಮಿಗೆ ಬರುತ್ತಿದ್ದರು. ಕಾರ್ಡಿನಲ್ಲಿ ಮೊತ್ತ ಬರೆದು, ಒಂದು ಲೋಟ ನೀರು ಕುಡಿದು, ಮಗಳ ಮದುವೆಯ ಸುದ್ದಿ ಕೇಳಿ ಹೋಗುತ್ತಿದ್ದರು. ಬ್ಯಾಂಕು ಎಂದರೆ ಅವರಿಗೆ ಆ ಮುಖ, ಆ ದನಿ. ಒಂದು ದಿನವೂ ಒಂದು ರೂಪಾಯಿ ತಪ್ಪಿರಲಿಲ್ಲ.

ಅವರ ಮಲ್ಲಿಗೆಯ ವ್ಯವಹಾರವೂ ಹೀಗೆಯೇ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯಂತೆ ಲೆಕ್ಕಮಾಡಿ ಹೂವಿನವರ ಕೈಗೆ ಕೊಡುವಾಗ ಅಂದಿನ ದರ ಎಷ್ಟೆಂದು ಅವರಿಗೆ ಇನ್ನೂ ಗೊತ್ತಿರುವುದಿಲ್ಲ. ದರ ಆಮೇಲೆ ತಿಳಿಯುತ್ತದೆ, ದುಡ್ಡು ಇನ್ನೂ ಆಮೇಲೆ ಬರುತ್ತದೆ. ನಾಲ್ವತ್ತು ವರ್ಷಗಳಿಂದ ಅವರು ಹಾಗೆ ಕೊಡುತ್ತ ಬಂದಿದ್ದಾರೆ, ಅದರಲ್ಲೇ ಮಕ್ಕಳನ್ನು ಓದಿಸಿದ್ದಾರೆ. ಇಂಥವರಿಗೆ ಲೋಕಾನುಭವ ಇಲ್ಲವೆಂದು ಹೇಗೆ ಹೇಳುವುದು? ಅವರ ಅನುಭವವೆಲ್ಲ ನಂಬಿಕೆ ಉಳಿದುಬಂದದ್ದರ ಅನುಭವ. ನಂಬಬಾರದು ಎಂದು ಕಲಿಯಬೇಕಾಗಿದ್ದದ್ದು ಒಂದು ಹೊಸ ಯಂತ್ರದ ಬಗ್ಗೆ, ಅದರೊಳಗಿಂದ ಬರುವ ಮುಖವಿಲ್ಲದ ದನಿಯ ಬಗ್ಗೆ. ಆ ಪಾಠವನ್ನು ಅವರಿಗೆ ಯಾರೂ ಕುಳಿತು ಹೇಳಿರಲಿಲ್ಲ, ಮೂವತ್ತು ವರ್ಷ ಪಾಠ ಹೇಳಿದ ನಾನೂ ಹೇಳಿರಲಿಲ್ಲ. ಹಾಗಾಗಿ ಬೇರಿನ ಅರ್ಥದಲ್ಲಿ ತೆಗೆದುಕೊಂಡರೆ ಮೊಮ್ಮಗನ ಪದ ಸುಳ್ಳಾಗಿರಲಿಲ್ಲ: ಅವರು ಸಹಜವಾಗಿ ನಂಬಿದರು. ಇಂದಿನ ಇಂಗ್ಲಿಷಿನಲ್ಲಿ ಆ ಅರ್ಥ ಓದುವವರಿಗೆ ಮುಟ್ಟುವುದಿಲ್ಲ ಎಂಬುದೇ ನನ್ನ ತಕರಾರು.

ಕೊನೆಗೆ ಎರಡನೆಯ ಪರಿಚ್ಛೇದವನ್ನು ಪೂರ್ತಿ ಹೊಸದಾಗಿ ಬರೆದೆ. ಕರೆ ಮಾಡಿದಾತ ತಾನು ಬ್ಯಾಂಕಿನ ನೌಕರನೆಂದು ಸುಳ್ಳು ಹೇಳಿದ, ಕಾರ್ಡು ಅಂದೇ ನಿಂತುಹೋಗುತ್ತದೆ ಎಂದು ಬೆದರಿಸಿದ, ಸಂದೇಶದಲ್ಲಿ ಬಂದ ಅಂಕಿಗಳನ್ನು ಓದುವಂತೆ ಅಪ್ರಾಮಾಣಿಕವಾಗಿ ಪ್ರೇರೇಪಿಸಿದ ಎಂದು ಮೂರು ವಾಕ್ಯಗಳಾದವು. ಮೂರಕ್ಕೂ ಅವನೇ ಕರ್ತೃ. ದೊಡ್ಡಮ್ಮನ ಪಾಲಿಗೆ ಬಂದದ್ದು ನಾಲ್ಕನೆಯ ಒಂದು ಚಿಕ್ಕ ವಾಕ್ಯ, ಅದರಲ್ಲಿ ಕ್ರಿಯಾವಿಶೇಷಣವಿಲ್ಲ: ಅವನ ಮಾತನ್ನು ನಂಬಿ ಅವರು ಅಂಕಿಗಳನ್ನು ಓದಿದರು. 'ಟ್ರಸ್ಟಿಂಗ್ಲಿ'ಯನ್ನೂ ಹೊಡೆದುಹಾಕಿದೆ; ನಂಬಿ ಎಂಬ ಕ್ರಿಯಾಪದ ಬಂದ ಮೇಲೆ ಅದರ ಅಗತ್ಯ ಉಳಿದಿರಲಿಲ್ಲ. ಫೋನಿನಲ್ಲಿ ಮೊಮ್ಮಗನಿಗೆ ವಿಷಯ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಅಜ್ಜಿಯನ್ನು ಬಯ್ಯಲಿಕ್ಕೆ ಬರೆದದ್ದಲ್ಲ ಮಾಮ," ಎಂದ. ಅದು ನನಗೆ ಗೊತ್ತಿತ್ತು, ಅವನಿಗೂ ಹಾಗೆಯೇ ಹೇಳಿದೆ.

ಸಹಿ ಹಾಕುವ ಮೊದಲು ಅರ್ಜಿಯನ್ನು ದೊಡ್ಡಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದೊಂದು ವಾಕ್ಯಕ್ಕೂ ತಲೆಯಾಡಿಸುತ್ತ ಕೇಳಿದರು. ಓದಿ ಮುಗಿಸಿದ ಮೇಲೆ, "ಹೌದು, ಹಾಗೆಯೇ ಆದದ್ದು," ಎಂದರು. ಪೆನ್ನು ಕೈಗೆ ತೆಗೆದುಕೊಂಡವರು ಮತ್ತೆ ನಿಲ್ಲಿಸಿ ಕೇಳಿದರು: "ಮಗಾ, ಫೋನು ಇಡುವಾಗ ನಾನು ಅವನಿಗೆ 'ಉಪಕಾರ ಆಯ್ತು' ಅಂತ ಹೇಳಿದ್ದೇನೆ. ಅದನ್ನೂ ಬರೆಯಬೇಕಾ?"

ಬರೆಯೋಣ ದೊಡ್ಡಮ್ಮ ಎಂದು ಹೇಳಿ, ನಾಲ್ಕನೆಯ ವಾಕ್ಯದ ಕೆಳಗೆ ಅದನ್ನೂ ಸೇರಿಸಿದೆ.